ಬೆಕ್ಕಿನ ಇನ್ಸುಲಿನ್: ಮುಚ್ಚಳದ ಬಣ್ಣ ನೋಡಿ

ಬೆಕ್ಕಿಗೆ ಬರುವ ಸಕ್ಕರೆ ಕಾಯಿಲೆ ಬಹುಪಾಲು ನಮ್ಮ ಟೈಪ್ 2 ಡಯಾಬಿಟಿಸ್ ಥರದ್ದೇ. ವಯಸ್ಸಾದ, ಮೈ ಬಂದ, ಮನೆಯೊಳಗೇ ಮಲಗಿರುವ ಬೆಕ್ಕುಗಳಲ್ಲಿ ಹೆಚ್ಚು. ವಿಪರೀತ ನೀರು ಕುಡಿದು, ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಪಶುವೈದ್ಯರು ರಕ್ತ, ಮೂತ್ರ ಪರೀಕ್ಷಿಸಿ ಇನ್ಸುಲಿನ್ ಬರೆಯುತ್ತಾರೆ. ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ, ಒಂದು ಯೂನಿಟ್ಟಿನ ಆಸುಪಾಸಿನಿಂದ ಶುರು.

ಎಲ್ಲರೂ ಹೆದರುವುದು ಸೂಜಿಗೆ. ಆ ಸಣ್ಣ ಸೂಜಿ ಚುಚ್ಚಿದ್ದು ಎಷ್ಟೋ ಬೆಕ್ಕುಗಳಿಗೆ ಗೊತ್ತೇ ಆಗುವುದಿಲ್ಲ. ಹೆದರಬೇಕಾದದ್ದು ಸಿರಿಂಜಿನ ಗೆರೆಗಳಿಗೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಸಿರಿಂಜೂ ಎರಡು ಬಗೆ: ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಬೆಕ್ಕುಗಳಿಗೆ ಹೆಚ್ಚಾಗಿ ಕೊಡುವ ಗ್ಲಾರ್ಜಿನ್ ಸಾಮಾನ್ಯವಾಗಿ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡರ ಗೆರೆಗೆ ಎಳೆದರೆ ಒಳಗೆ ಬಂದಿರುವುದು ಐದು ಯೂನಿಟ್. ನಾಲ್ಕು ಕಿಲೋ ಬೆಕ್ಕಿಗೆ ಅದು ಜೀವಕ್ಕೇ ಕುತ್ತು. ಅಂಗಡಿಯವರು ‘ಎರಡೂ ಒಂದೇ’ ಅಂದರೆ ನಂಬಬೇಡಿ. ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ತಾಳೆಯಾಗಲೇಬೇಕು.

ಬೆಕ್ಕು ಉಣ್ಣದಿದ್ದರೆ, ವಾಂತಿ ಮಾಡಿದ್ದರೆ ಚುಚ್ಚುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಬೆಕ್ಕು ಕೊಸರಿ ಔಷಧಿ ಅರ್ಧ ಚೆಲ್ಲಿತೋ ಏನೋ ಎಂಬ ಅನುಮಾನವಿದ್ದರೆ ಮತ್ತೆ ಚುಚ್ಚಬಾರದು, ಮುಂದಿನ ಹೊತ್ತಿಗೆ ಕಾಯಬೇಕು. ಅರ್ಧ ದಿನ ಸಕ್ಕರೆ ಏರಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ತೀರಾ ಇಳಿದರೆ ತೂರಾಡಿ, ನಡುಗಿ, ಫಿಟ್ಸ್ ಬಂದು ಬೀಳುತ್ತದೆ. ತಿನ್ನುವಂತಿದ್ದರೆ ಕೂಡಲೇ ಊಟ ಕೊಡಿ. ಇಲ್ಲವಾದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಒಸಡಿಗೆ ಸವರಿ ಆಸ್ಪತ್ರೆಗೆ ಒಯ್ಯಿರಿ. ಎಚ್ಚರವಿಲ್ಲದಾಗ ಬಾಯಿಗೆ ಏನನ್ನೂ ಸುರಿಯಬಾರದು. ಫಿಟ್ಸ್ ಬಂದಾಗ ಹಲ್ಲುಗಳ ನಡುವೆ ಬೆರಳಿಡಲೂ ಬಾರದು.

ಆಸ್ಪತ್ರೆಯಲ್ಲಿ ಬೆಕ್ಕು ಬೆದರುತ್ತದೆ, ಬೆದರಿದರೆ ಸಕ್ಕರೆ ಏರುತ್ತದೆ. ಅದಕ್ಕೇ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ಅಳೆಯುವುದು ಒಳ್ಳೆಯದು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕೊಂಚ ಕಡಿಮೆ ತೋರಿಸುತ್ತದೆ. ಯಾವ ಮೀಟರ್ ಎಂದು ವೈದ್ಯರಿಗೆ ತಿಳಿಸಿ.

ಇನ್ನೊಂದು ಮಾತು ನಮ್ಮ ಹಾಲು-ಅನ್ನದ ಬೆಕ್ಕುಗಳಿಗೆ. ಅನ್ನ ಬಿಡಿಸಿ ಪಿಷ್ಟ ಕಡಿಮೆಯಿರುವ ಮಾಂಸದ ಆಹಾರಕ್ಕೆ ಬದಲಿಸಿದರೆ ಇನ್ಸುಲಿನ್ ಅಗತ್ಯ ಬೇಗ ಇಳಿಯಬಹುದು. ಬೇಗನೆ ಚಿಕಿತ್ಸೆ ಸಿಕ್ಕ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಹಾಗಾಗಿ ವೈದ್ಯರಿಗೆ ಹೇಳದೆ ಊಟ ಬದಲಿಸಬೇಡಿ. ಊಟ ಬದಲಾದ ಮೇಲೂ ಹಳೆಯ ಪ್ರಮಾಣವನ್ನೇ ಚುಚ್ಚುತ್ತ ಹೋದರೆ ಲೋ ಶುಗರ್ ಆಗುತ್ತದೆ.