ಅಂಚೆ ಖರ್ಚು ಕೊನೇಲಿ ಯಾಕೆ ಕಾಣಿಸುತ್ತೆ?

ಆನ್‌ಲೈನ್ ಹರಾಜಿನಲ್ಲಿ ಹಳೇ ನಾಣ್ಯ 400 ರೂಪಾಯಿಗೆ ನಿಮ್ಮದಾಯ್ತು ಅಂದ್ಕೊಳ್ಳಿ. ದುಡ್ಡು ಕಟ್ಟೋ ಹೊತ್ತಿಗೆ ಪೋಸ್ಟೇಜ್, ಪ್ಯಾಕಿಂಗ್ ಅಂತ ಇನ್ನೂ 180! ಮೊದಲೇ ಗೊತ್ತಿದ್ದರೆ ಅಷ್ಟು ಬಿಡ್ ಕೂಗ್ತಿದ್ರಾ?

ಇದು ಅನ್ಯಾಯ, ಕಾನೂನಿಗೂ ವಿರುದ್ಧ. ಮಾರಾಟವನ್ನೇ ಕಸುಬು ಮಾಡಿಕೊಂಡವರು ಒಟ್ಟು ಬೆಲೆಯನ್ನ ಒಂದೇ ಮೊತ್ತದಲ್ಲಿ ತೋರಿಸಬೇಕು, ಅದರಲ್ಲಿ ಡೆಲಿವರಿ, ಅಂಚೆ, ತೆರಿಗೆ ಎಷ್ಟೆಷ್ಟು ಅಂತ ಬಿಡಿಸಿ ಹೇಳಬೇಕು. 2020ರ ಇ-ಕಾಮರ್ಸ್ ನಿಯಮವೇ ಹೀಗಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರಾಹಕರನ್ನ ಯಾಮಾರಿಸೋ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನ ನಿಷೇಧಿಸಿತು. ಬೆಲೆ ಹನಿಹನಿಯಾಗಿ ಏರಿಸೋ ‘ಡ್ರಿಪ್ ಪ್ರೈಸಿಂಗ್’ ಅದರಲ್ಲೊಂದು.

ಲಿಸ್ಟಿಂಗ್, ಬಿಲ್ ಎರಡರದ್ದೂ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಮೊದಲು ಆ ವೆಬ್‌ಸೈಟಿನ ಕುಂದುಕೊರತೆ ಅಧಿಕಾರಿಗೆ ಬರೀರಿ. ಬಗೆಹರಿಯದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಲ್ಲೂ ಆಗಲಿಲ್ವಾ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರೇ, ಮಾರಿದವರು ದೆಹಲಿಯಲ್ಲಿದ್ರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರೋ ಜಿಲ್ಲೆಯಲ್ಲೇ, ಅಂದ್ರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕವೇ ಇಲ್ಲ. ಗಡುವು ಎರಡು ವರ್ಷ. 180 ರೂಪಾಯಿ ತಾನೇ ಅಂತ ಬಿಡಬೇಡಿ, ಕೇಳಿ.