ಬಸ್‌ಸ್ಟಾಪಿನಿಂದ ಮನೆಯವರೆಗಿನ ದಾರಿ ಯಾರ ಜವಾಬ್ದಾರಿ?

ಮಳೆಗಾಲದಲ್ಲಿ ಮದ್ರಸದ ಬಾಗಿಲಲ್ಲಿ ನಿಂತು ಮಕ್ಕಳ ಕಾಲು ನೋಡುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಮೊಣಕಾಲಿನವರೆಗೆ ಕೆಸರಾಗಿದ್ದರೆ ಆ ಮಗು ರಸ್ತೆ ಬದಿಯ ಚರಂಡಿ ದಾಟಿ ಬಂದಿದೆ ಎಂದರ್ಥ. ಬಟ್ಟೆ ಪೂರ್ತಿ ಒದ್ದೆಯಾಗಿದ್ದರೆ ಯಾವುದೋ ವಾಹನ ಹೊಂಡದ ನೀರು ಎರಚಿಕೊಂಡು ಹೋಗಿದೆ ಎಂದರ್ಥ. ಮಕ್ಕಳು ನಗುತ್ತಾರೆ. ನಮಗೆ ನಗು ಬರುವುದಿಲ್ಲ.

ಈ ವರ್ಷ ಕಾಲೇಜು ಶುರುವಾಗುವ ಸಮಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಉಮ್ಮ ಬಂದಿದ್ದರು. ಮಗಳಿಗೆ ಎಸೆಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿದೆ, ಪೇಟೆಯ ಕಾಲೇಜಿನಲ್ಲಿ ಪಿಯುಸಿಗೆ ಸೀಟೂ ಆಗಿದೆ. ಬಾಪ ಗಲ್ಫ್‌ನಲ್ಲಿದ್ದಾರೆ. ಉಮ್ಮನ ಮಾತು ಇಷ್ಟೇ: "ಉಸ್ತಾದ್, ಸೀಟು ಸಿಕ್ಕಿದೆ, ಬಸ್ಸೂ ಉಂಟು. ಬಸ್ಸಿನಿಂದ ಇಳಿದ ಮೇಲೆ ಎಂತ ಮಾಡುವುದು?"

ಬಸ್‌ಸ್ಟಾಪಿನಿಂದ ಅವರ ಮನೆಗೆ ಮುಕ್ಕಾಲು ಕಿಲೋಮೀಟರ್ ಇರಬಹುದು. ಫುಟ್‌ಪಾತ್ ಇಲ್ಲ. ಚರಂಡಿಯ ಮೇಲಿನ ಸ್ಲ್ಯಾಬ್‌ಗಳು ಅಲ್ಲಲ್ಲಿ ಮುರಿದಿವೆ. ಸಂಜೆ ಆರೂವರೆ ಮೇಲೆ ಕತ್ತಲೆ. ಟಿಪ್ಪರ್‌ಗಳು ಬರುವಾಗ ನಡೆಯುವವರು ಯಾರದೋ ಕಂಪೌಂಡ್ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಕೊನೆಗೆ ಆ ಮನೆಯವರು ಒಂದು ದಾರಿ ಹುಡುಕಿದರು. ಹದಿನಾರರ ತಮ್ಮ ದಿನಾ ಸಂಜೆ ಸ್ಕೂಟರಿನಲ್ಲಿ ಹೋಗಿ ಅಕ್ಕನನ್ನು ಕರೆತರುವುದು. ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಉಮ್ಮನಿಗೆ ಅದು ಗೊತ್ತುಂಟು. ಆದರೂ ಕಳಿಸುತ್ತಾರೆ. ಇಲ್ಲದಿದ್ದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ.

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾವು ವೇದಿಕೆಗಳಲ್ಲಿ ಎಷ್ಟೋ ಮಾತಾಡಿದ್ದೇವೆ. ಸ್ಕಾಲರ್‌ಶಿಪ್ ಕೊಟ್ಟಿದ್ದೇವೆ, ಸನ್ಮಾನ ಮಾಡಿದ್ದೇವೆ. ಈ ಮುಕ್ಕಾಲು ಕಿಲೋಮೀಟರ್ ಬಗ್ಗೆ ಮಾತಾಡಿದ್ದು ಕಡಿಮೆ.

ಇದು ನಮ್ಮೊಬ್ಬರ ಊರಿನ ಕಥೆಯಲ್ಲ. ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತಿದ್ದಾರೆ. ಅದರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ಹೆಚ್ಚುಕಡಿಮೆ 90 ಜನ. ಕಾರಿಲ್ಲದವರು, ಬಸ್ಸಿಗೆ ಹೊರಟವರು, ಬಸ್ಸಿನಿಂದ ಇಳಿದು ಮನೆಗೆ ಹೊರಟವರು ಈ ಲೆಕ್ಕದಲ್ಲಿ ಇದ್ದಾರೆ.

ಹಾಗಾದರೆ ಫುಟ್‌ಪಾತ್ ಮಾಡಲು ಹಣ ಎಲ್ಲಿಂದ ಬರುತ್ತದೆ? ಪಂಚಾಯತ್‌ನಲ್ಲಿ ಕೇಳಿದರೆ "ಅನುದಾನ ಇಲ್ಲ" ಎನ್ನುತ್ತಾರೆ. ಪಾಲಿಕೆಯಲ್ಲಿ ಕೇಳಿದರೂ ಅದೇ ಉತ್ತರ. ಅನುದಾನ ಎಂಬುದು ತಾನಾಗಿ ಬರುವ ಮಳೆಯಲ್ಲ. ಹೆಚ್ಚಿನವಕ್ಕೆ ಸ್ಥಳೀಯ ಸಂಸ್ಥೆ ಅರ್ಜಿ ಹಾಕಬೇಕು, ನಕ್ಷೆ ಕೊಡಬೇಕು, ಅಂದಾಜು ಪಟ್ಟಿ ಕೊಡಬೇಕು, ಜಾಗ ತನ್ನದೆಂದು ತೋರಿಸಬೇಕು. ಕೇಳದವನಿಗೆ ಸಿಗುವುದಿಲ್ಲ.

ಕೇಳಿದವರಿಗೆ ಸಿಕ್ಕಿದ್ದು ಉಂಟು. ಮೈಸೂರು ಪಾಲಿಕೆ ಮತ್ತು ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಸೇರಿ ವಿಶ್ವಬ್ಯಾಂಕ್ ಮೂಲಕ ಜಾಗತಿಕ ಪರಿಸರ ನಿಧಿಯ ನೆರವು ಪಡೆದು, 2017ರ ಜೂನ್‌ನಲ್ಲಿ 'ಟ್ರಿನ್ ಟ್ರಿನ್' ಎಂಬ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿದವು. 450 ಸೈಕಲ್. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡಬಹುದು. 2020ರಲ್ಲಿ ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ ಸೈಕಲ್‌ಗೆ ಒಂದು, ನಡೆಯುವವರ ಬೀದಿಗೆ ಒಂದು ಎಂದು ನಗರಗಳ ನಡುವೆ ಎರಡು ಸ್ಪರ್ಧೆ ಇಟ್ಟಿತು. ಸೈಕಲ್ ಸ್ಪರ್ಧೆಯಲ್ಲಿ ಆಯ್ಕೆಯಾದ 11 ನಗರಗಳಿಗೆ ತಲಾ 1 ಕೋಟಿ ರೂಪಾಯಿ ಘೋಷಣೆಯಾಯಿತು. ಬೆಂಗಳೂರು ಅದರಲ್ಲಿ ಒಂದು.

ನಮ್ಮ ಮಂಗಳೂರಿಗೂ ದೊಡ್ಡ ಹಣ ಬಂದಿತ್ತು. 2016ರ ಸೆಪ್ಟಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮ ನಗರ ಸೇರಿತು. ಆ ಯೋಜನೆಯಲ್ಲಿ ಒಂದೊಂದು ನಗರಕ್ಕೆ ಕೇಂದ್ರದ ಪಾಲು 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯದ್ದು. ಹಂಪನಕಟ್ಟೆ, ಕ್ಲಾಕ್ ಟವರ್ ಆಸುಪಾಸಿನಲ್ಲಿ ಅಗಲವಾದ ಫುಟ್‌ಪಾತ್ ಬಂದದ್ದು ಹಾಗೆ. ವಯಸ್ಸಾದವರು ಅಲ್ಲಿ ಧೈರ್ಯದಿಂದ ನಡೆಯುವುದನ್ನು ಕಂಡಾಗ ಸಂತೋಷವಾಗುತ್ತದೆ. ಆದರೆ ಅದೇ ಸ್ಟೇಟ್‌ಬ್ಯಾಂಕ್‌ನಿಂದ ಬಸ್ಸು ಹತ್ತಿ ಹೊರಟವರು ಇಳಿಯುವುದು ಎಲ್ಲಿ? ತೊಕ್ಕೊಟ್ಟು, ಅಡ್ಯಾರ್, ಫರಂಗಿಪೇಟೆ, ಕೂಳೂರು, ಸುರತ್ಕಲ್ ಕಡೆಗಳಲ್ಲಿ. ಹತ್ತುವ ಕಡೆ ಗ್ರಾನೈಟ್, ಇಳಿಯುವ ಕಡೆ ಹೆದ್ದಾರಿಯ ಅಂಚು. ಆ ಸ್ಮಾರ್ಟ್ ಸಿಟಿ ಯೋಜನೆಯೂ 2025ರ ಮಾರ್ಚ್‌ಗೆ ಮುಗಿಯಿತು.

ಈ ವಿಷಯದಲ್ಲಿ ಅಮೆರಿಕದ ಒಂದು ಲೆಕ್ಕಾಚಾರ ನಮಗೆ ಹಿಡಿಸಿತು. ಅಲ್ಲಿನ ಕೇಂದ್ರ ಸಾರಿಗೆ ಆಡಳಿತ 2011ರಲ್ಲಿ ಒಂದು ನೀತಿ ಹೊರಡಿಸಿತು. ಬಸ್ ಅಥವಾ ರೈಲು ನಿಲ್ದಾಣದಿಂದ ಅರ್ಧ ಮೈಲಿ, ಅಂದರೆ ಸುಮಾರು 800 ಮೀಟರ್ ಒಳಗಿನ ಕಾಲುದಾರಿಯೂ, 3 ಮೈಲಿ, ಅಂದರೆ ಸುಮಾರು 5 ಕಿಲೋಮೀಟರ್ ಒಳಗಿನ ಸೈಕಲ್ ದಾರಿಯೂ ಸಾರಿಗೆಗೆ ಸಂಬಂಧಪಟ್ಟದ್ದೇ ಎಂದು ಪರಿಗಣಿಸಬೇಕು. ಹಾಗಾಗಿ ಸಾರಿಗೆಗೆ ಇಟ್ಟ ಅನುದಾನವನ್ನು ಅಲ್ಲಿನ ಪುರಸಭೆಗಳು ಆ ದಾರಿಗೂ ಕೇಳಬಹುದು. ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇನ್ನೂ ಮೊದಲೇ, 2004ರಲ್ಲಿ, ಜನರು ಮತ ಹಾಕಿ ಸೇತುವೆಗಳ ಟೋಲ್ 1 ಡಾಲರ್ ಏರಿಸಿಕೊಂಡರು. ಆ ಹಣದಲ್ಲಿ ಒಂದು ಪಾಲು ನಿಲ್ದಾಣಕ್ಕೆ ನಡೆದು, ಸೈಕಲ್ ತುಳಿದು ಬರುವವರ ದಾರಿಗೆಂದೇ ಮೀಸಲಾಯಿತು.

ನಮ್ಮಲ್ಲಿ ಏನಾಗುತ್ತದೆ? ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಉಂಟು. ಅದರಲ್ಲಿ ಬಸ್ ತಂಗುದಾಣ ಕಟ್ಟುತ್ತಾರೆ, ದೊಡ್ಡ ಅಕ್ಷರದಲ್ಲಿ ಹೆಸರು ಬರೆಸುತ್ತಾರೆ. ತಂಗುದಾಣ ಚೆಂದವಾಗಿಯೇ ಇರುತ್ತದೆ. ಅದಕ್ಕೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಸೈಕಲಿನ ಕಥೆಯೂ ಹಾಗೇ. 2006-07ರಲ್ಲಿ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಕೆಲಸ. ಆ ಸೈಕಲನ್ನು ಎಲ್ಲಿ ತುಳಿಯಬೇಕು ಎಂದು ಯಾರೂ ಹೇಳಲಿಲ್ಲ. ಮಳೆ, ಏರು ದಾರಿ ಎಂದು ನೆಪ ಹೇಳಬಹುದು. ಬಂದರು, ಬೆಂಗ್ರೆ, ಉಳ್ಳಾಲದ ಕಡಲ ಬದಿ ಸಮತಟ್ಟೇ ತಾನೇ?

ಈಗ ಕಾನೂನಿನ ಬೆಂಬಲವೂ ಬಂದಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಫುಟ್‌ಪಾತ್ ಹೇಗಿರಬೇಕು ಎಂಬುದಕ್ಕೂ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಉಂಟು. ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಆರು ಅಡಿ ಅಗಲ ಎಂದರೆ ಎದುರುಬದುರು ಬಂದ ಇಬ್ಬರು ಆರಾಮವಾಗಿ ದಾಟುವಷ್ಟು. ಆರಿಂಚಿಗಿಂತ ಎತ್ತರ ಇಲ್ಲವೆಂದರೆ ಮೊಣಕಾಲು ನೋವಿನ ಅಜ್ಜಿಯೂ ಹತ್ತುವಷ್ಟು.

ಇನ್ನು ನಮ್ಮ ತಪ್ಪುಗಳನ್ನೂ ಹೇಳಬೇಕು. ಜುಮಾ ದಿನ ಮಸೀದಿಯ ಎದುರು ಸ್ಕೂಟರ್, ಕಾರು ಎಲ್ಲಿ ನಿಂತಿರುತ್ತದೆ ಎಂದು ನೋಡಿ. ನಮ್ಮದೇ ಅಂಗಡಿಗಳ ಹಣ್ಣಿನ ಬುಟ್ಟಿ, ಬಟ್ಟೆಯ ಸ್ಟ್ಯಾಂಡ್, ಶವರ್ಮಾ ಒಲೆ ಎಲ್ಲಿವೆ ಎಂದು ನೋಡಿ. ಕಂಪೌಂಡ್ ಕಟ್ಟುವಾಗ ಅರ್ಧ ಅಡಿ ಹೊರಗೆ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಫುಟ್‌ಪಾತ್ ಬೇಕೆಂದು ಮನವಿ ಕೊಡುವವರೂ ನಾವೇ, ಅಳತೆಗೆ ಇಂಜಿನಿಯರ್ ಬಂದಾಗ "ನಮ್ಮ ಅಂಗಡಿಯ ಎದುರು ಬೇಡ" ಎನ್ನುವವರೂ ನಾವೇ. ದಾರಿಯಲ್ಲಿ ಬಿದ್ದ ಮುಳ್ಳು, ಕಲ್ಲು ಬದಿಗೆ ಸರಿಸುವುದು ಪುಣ್ಯದ ಕೆಲಸ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ನಾವು ನಿಲ್ಲಿಸಿದ ಗಾಡಿಯೇ ಮಗುವನ್ನು ರಸ್ತೆಗೆ ಇಳಿಸುವುದಾದರೆ ಆ ಪಾಠ ಯಾರಿಗೆ?

ಏನು ಮಾಡಬಹುದು? ಮೊದಲು ರಸ್ತೆ ಯಾರದೆಂದು ತಿಳಿದುಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ ಪಂಚಾಯತ್‌ಗೆ ಮನವಿ ಕೊಟ್ಟು ಉಪಯೋಗ ಕಡಿಮೆ, ಹೆದ್ದಾರಿ ಪ್ರಾಧಿಕಾರಕ್ಕೇ ಬರೆಯಬೇಕು. ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಅವರಿಗೆ. ಒಳರಸ್ತೆಯಾದರೆ ಪಂಚಾಯತ್, ಪುರಸಭೆ ಅಥವಾ ಪಾಲಿಕೆಗೆ. ಎರಡನೆಯದು, ಗ್ರಾಮಸಭೆ, ವಾರ್ಡ್ ಸಭೆಗೆ ಹೋಗಿ ಬಾಯಲ್ಲಿ ಹೇಳಿ ಬರುವುದು ಸಾಲದು. ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಮುಂದೆ ಅನುದಾನಕ್ಕೆ ಅರ್ಜಿ ಹಾಕುವಾಗ ಜನರ ಬೇಡಿಕೆ ಇತ್ತು ಎನ್ನಲು ಅದೇ ಆಧಾರ. ರಾಜ್ಯದಲ್ಲಿ ನಗರ ಸಾರಿಗೆ ನಿಧಿ ಎಂಬುದೊಂದು ಉಂಟು. ಪಾಲಿಕೆ, ನಗರಸಭೆಯವರು ಅದಕ್ಕೆ ಯೋಜನೆ ಕಳಿಸಿದ್ದಾರಾ ಎಂದು ಸದಸ್ಯರನ್ನು ಕೇಳಬಹುದು. ಮೂರನೆಯದು, ಲೆಕ್ಕ ಕೊಡಬೇಕು. "ತುಂಬಾ ಜನ ನಡೆಯುತ್ತಾರೆ" ಎಂದರೆ ಇಂಜಿನಿಯರ್ ತಲೆಯಾಡಿಸುತ್ತಾರೆ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಇಷ್ಟು ಮಕ್ಕಳು, ಇಷ್ಟು ಹೆಂಗಸರು, ಇಷ್ಟು ಸೈಕಲ್ ಎಂದು ಕಾಗದದಲ್ಲಿ ಕೊಟ್ಟರೆ ಅದು ಕಡತಕ್ಕೆ ಹೋಗುತ್ತದೆ.

ನಮ್ಮ ಜಮಾಅತ್ ಕಮಿಟಿಯ ಎದುರು ಈ ಮೂರನ್ನೂ ಇಟ್ಟಿದ್ದೇವೆ. ಒಬ್ಬ ಹಿರಿಯರು, "ಉಸ್ತಾದರೇ, ಇದು ಪಂಚಾಯತ್‌ನ ಕೆಲಸ, ಮಸೀದಿಯದ್ದಲ್ಲ" ಎಂದರು. ಮಾಡುವುದು ಪಂಚಾಯತ್‌ನ ಕೆಲಸವೇ, ಮಾಡಿಸುವುದು ನಮ್ಮ ಕೆಲಸ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಂಗಡಿಯ ಎದುರಿನ ಎರಡು ಮೆಟ್ಟಿಲು ಒಡೆಸಲು ಅವರು ಒಪ್ಪಿದರು. ಬರುವ ಸೋಮವಾರ ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಏಳು, ಬಸ್‌ಸ್ಟಾಪಿನಲ್ಲಿ ಪುಸ್ತಕ, ಪೆನ್ನು ಹಿಡಿದು ಕೂರುವುದೆಂದು ತೀರ್ಮಾನವಾಗಿದೆ. ಪಿಯುಸಿಯ ಆ ಹುಡುಗಿ ಸಂಜೆಯ ಲೆಕ್ಕ ತಾನು ಬರೆಯುತ್ತೇನೆ ಎಂದಿದ್ದಾಳೆ. ತಮ್ಮ ಬರುವವರೆಗೆ ಅವಳು ಹೇಗೂ ಅಲ್ಲೇ ಕಾಯುತ್ತಿರುತ್ತಾಳೆ.