ಒಂದೇ ಹಡಗಿಗೆ ಎಷ್ಟು ಸಲ ತಪಾಸಣೆ?

ಮರ್ಮಗೋವಾ ಬಂದರಿಗೂ ಬಳ್ಳಾರಿ ಸೀಮೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹೊಸಪೇಟೆ ಕಡೆಯ ಅದಿರು ರೈಲಿನಲ್ಲಿ ಬಂದು ಇಲ್ಲಿ ಹಡಗು ಹತ್ತಿದ್ದುಂಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲು ಇಲ್ಲಿಳಿದು ಘಟ್ಟ ಹತ್ತಿದ್ದುಂಟು. ಹಡಗು ಒಂದು ದಿನ ತಡವಾದರೆ ಅದರ ಬಾಡಿಗೆ ಕೊನೆಗೆ ಸರಕಿನ ಮೇಲೇ ಬೀಳುತ್ತದೆಂದು ವಾಸ್ಕೋದ ನಮ್ಮ ಕನ್ನಡ ವರ್ತಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಡಗನ್ನು ತಪಾಸಣೆ ಮಾಡುವವರು ಯಾರು, ಎಷ್ಟು ಮಂದಿ ಅಂತ ಕೇಳಿದರೆ ಅವರೂ ತಲೆ ಕೆರೆದುಕೊಳ್ತಾರೆ.

ಮೊದಲಿಗೆ ಹಡಗು ಯಾವ ದೇಶದ ಧ್ವಜ ಹೊತ್ತಿದೆಯೋ ಆ ದೇಶದವರು ನೋಡಬೇಕು. ಅವರ ಪರವಾಗಿ ಲಾಯ್ಡ್ಸ್ ರಿಜಿಸ್ಟರ್, ನಮ್ಮದೇ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಮುಂತಾದ ಸಂಸ್ಥೆಗಳವರು ನೋಡುತ್ತಾರೆ. ವಿಮೆಯವರು ಬೇರೆ, ಸರಕಿನವರು ಬೇರೆ. ಇಷ್ಟಾದ ಮೇಲೆ ಬಂದರಿರುವ ದೇಶದ ಸರ್ಕಾರಿ ಅಧಿಕಾರಿ. ಎಲ್ಲರೂ ಕೇಳುವುದು ಬಹುಪಾಲು ಅದನ್ನೇ: ಜೀವರಕ್ಷಕ ದೋಣಿ ಕೆಳಗಿಳೀತದೆಯೇ, ಬೆಂಕಿ ಆರಿಸುವ ಪಂಪು ನಡೀತದೆಯೇ, ಕಾಗದಪತ್ರ ಸರಿ ಇವೆಯೇ. ಲಾರಿ ಸಾಕಿದವರಿಗೆ ಇದು ಹೊಸದಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವವರೆಗೆ ಗಡಿಯ ಈಚೆ ಒಂದು ನಾಕಾ, ಆಚೆ ಒಂದು ನಾಕಾ. ಅದೇ ಬಿಲ್ಲು, ಅದೇ ಮೂಟೆ, ಎರಡು ಕಡೆ ಸಾಲು.

ಇದರಲ್ಲಿ ಹೆಚ್ಚು ಸೊರಗುವವನು ಹಡಗಿನ ಆಳು. ದೊಡ್ಡ ಸರಕು ಹಡಗನ್ನೂ ನಡೆಸುವವರು ಇಪ್ಪತ್ತು-ಇಪ್ಪತ್ತೈದು ಜನ ಅಷ್ಟೆ. ಬಂದರಿಗೆ ಬಂದ ದಿನವೇ ಸರಕು ಇಳಿಸಬೇಕು, ನೀರು-ದಿನಸಿ ತುಂಬಿಸಿಕೊಳ್ಳಬೇಕು, ರಿಪೇರಿ ಮುಗಿಸಬೇಕು. ರಾತ್ರಿ ಪಾಳಿ ಮುಗಿಸಿದ ಅಧಿಕಾರಿಯೇ ಬೆಳಿಗ್ಗೆ ತಪಾಸಕರ ಹಿಂದೆ ಏಣಿ ಹತ್ತಿ ಇಳೀಬೇಕು. ಹೀಗೆ ನಿದ್ದೆಗೆಟ್ಟವನು ಸಂಜೆ ಮತ್ತೆ ಕಡಲಿಗೆ ಹೊರಟರೆ ಸುರಕ್ಷತೆ ಹೆಚ್ಚಿತೋ, ಕಡಿಮೆಯಾಯಿತೋ?

ಹಾಗಂತ ತಪಾಸಣೆಯೇ ಬೇಡ ಅನ್ನೋಕಾಗಲ್ಲ. 1978ರ ಮಾರ್ಚಿನಲ್ಲಿ ಲೈಬೀರಿಯಾ ಧ್ವಜದ ಅಮೊಕೊ ಕಾಡಿಜ್ ಎಂಬ ಹಡಗು ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಒಡೆದು ಎರಡು ಲಕ್ಷ ಟನ್ನಿಗೂ ಮಿಕ್ಕಿ ಎಣ್ಣೆ ಸಮುದ್ರಕ್ಕೆ ಸುರಿಯಿತು. ಧ್ವಜದ ದೇಶವನ್ನಷ್ಟೇ ನಂಬಿ ಕೂತರೆ ಆಗದು ಎಂದು ಯುರೋಪಿನ 14 ದೇಶಗಳು 1982ರಲ್ಲಿ ಪ್ಯಾರಿಸ್ ಒಪ್ಪಂದ ಮಾಡಿಕೊಂಡವು. ಒಂದು ದೇಶ ನೋಡಿ ಬರೆದದ್ದನ್ನು ಉಳಿದವರು ಒಪ್ಪಬೇಕು. ಆರು ತಿಂಗಳೊಳಗೆ ನೋಡಿದ ಹಡಗನ್ನು ಸ್ಪಷ್ಟ ಕಾರಣವಿಲ್ಲದೆ ಮತ್ತೆ ನೋಡಬಾರದು. ನನ್ನ ಲೆಕ್ಕದಲ್ಲಿ ಆ ಒಪ್ಪಂದದ ಜಾಣತನವೆಲ್ಲ ಈ ಎರಡು ಮಾತಿನಲ್ಲಿದೆ. 2011ರಿಂದ ಅಲ್ಲಿ ಹಡಗಿನ ನಡತೆ ನೋಡಿ ಗಡುವು: ಅಪಾಯದ ಹಡಗಿಗೆ ಐದಾರು ತಿಂಗಳಿಗೊಮ್ಮೆ, ಒಳ್ಳೆಯ ದಾಖಲೆಯ ಹಡಗಿಗೆ 24ರಿಂದ 36 ತಿಂಗಳಿಗೊಮ್ಮೆ. ವ್ಯಾಪಾರಿಗಳ ಸಾಲದ ಖಾತೆಯೂ ಹೀಗೇ ಅಲ್ಲವೇ!

ಎಣ್ಣೆ ಕಂಪನಿಗಳು ಒಂದೊಂದೂ ತನ್ನದೇ ತಪಾಸಕನನ್ನು ಕಳಿಸುತ್ತಿದ್ದವು. 1993ರಲ್ಲಿ ಅವುಗಳ ಒಕ್ಕೂಟ 'ಸೈರ್' ಎಂಬ ವ್ಯವಸ್ಥೆ ತಂದು, ಒಬ್ಬರ ವರದಿಯನ್ನು ಇನ್ನೊಬ್ಬರೂ ಓದಿಕೊಳ್ಳುವಂತೆ ಮಾಡಿತು.

ನಮ್ಮ ಹಿಂದೂ ಮಹಾಸಾಗರಕ್ಕೂ ಇಂಥದೇ ಒಪ್ಪಂದ 1998ರ ಜೂನಿನಲ್ಲಿ ಪ್ರಿಟೋರಿಯಾದಲ್ಲಿ ಆಯಿತು; ಜಾರಿಗೆ ಬಂದದ್ದು 1999ರ ಏಪ್ರಿಲ್‌ನಲ್ಲಿ. ಇಷ್ಟೊಂದು ದೇಶಗಳ ಆ ಒಪ್ಪಂದದ ಕಚೇರಿ ಇರುವುದು ಬೇರೆಲ್ಲೂ ಅಲ್ಲ, ಗೋವೆಯಲ್ಲೇ. ನಮ್ಮ ಕಡಲಿಗೂ ಅದು ಬೇಕಿತ್ತು. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಾಗ ಎಣ್ಣೆ ಮೀನುಗಾರರ ದಂಡೆಗೇ ಬಂತು.

ಆದರೂ ಒಂದು ತೊಡಕು ಉಳಿದಿದೆ. ವಲಯಕ್ಕೊಂದು ಒಪ್ಪಂದ, ವಲಯಕ್ಕೊಂದು ಲೆಕ್ಕ. ಮರ್ಮಗೋವಾದಲ್ಲಿ ತಪಾಸಣೆ ಮುಗಿಸಿ ಹೊರಟ ಅದಿರಿನ ಹಡಗು ಅದೇ ತಿಂಗಳು ಚೀನಾ ಮುಟ್ಟಿದರೆ, ಟೋಕಿಯೋ ಒಪ್ಪಂದದ ಅಧಿಕಾರಿ ತನ್ನ ಪಟ್ಟಿ ಹಿಡಿದು ಮತ್ತೆ ಏಣಿ ಹತ್ತಬಹುದು.